ಬೇರುಹುಳಕ್ಕೆ ಜಂತುಹುಳದ ಮದ್ದು

ಬೇರುಹುಳ ಹೊಕ್ಕ ಅಡಿಕೆ ಮರ ಒಂದೇ ಮಳೆಗಾಲಕ್ಕೆ ಸಾಯುವುದಿಲ್ಲ. ಮೊದಲು ಸೋಗೆ ಹಳದಿಗೆ ತಿರುಗುತ್ತದೆ, ಎಳೆಕಾಯಿ ಉದುರುತ್ತದೆ, ವರ್ಷ ಕಳೆದಂತೆ ಮರದ ತಲೆ ಸಪೂರವಾಗುತ್ತದೆ. ಕೊನೆಗೊಮ್ಮೆ ಕಾಂಡ ಹಿಡಿದು ಅಲುಗಿಸಿದರೆ ಬುಡವೇ ಅಲ್ಲಾಡುತ್ತದೆ. ಅಷ್ಟು ಹೊತ್ತಿಗೆ ಹಿಡಿದುಕೊಳ್ಳಲು ಬೇರೇ ಉಳಿದಿರುವುದಿಲ್ಲ. ಹಿಂದೆ ಇದಕ್ಕೆ ಎಲ್ಲರೂ ಹಾಕುತ್ತಿದ್ದುದು ಫೋರೇಟ್ ಹರಳು. ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಆ ವಿಷಕ್ಕೆ ದೇಶದಲ್ಲಿ ನಿಷೇಧವಿದೆ. ಒಬ್ಬರ ತೋಟದ ಬಸಿಗಾಲುವೆಯ ನೀರು ಇನ್ನೊಬ್ಬರ ಬಾವಿಗೆ ಇಳಿಯುವ ಮಲೆನಾಡಿನ ಕಣಿವೆಗಳಲ್ಲಿ ಅದು ಎಂದೋ ನಿಲ್ಲಬೇಕಿತ್ತು.

ಈಗಿರುವ ಉಪಾಯಗಳಲ್ಲಿ ನನಗೆ ಹೆಚ್ಚು ಭರವಸೆಯಿರುವುದು ಕೀಟಗಳನ್ನೇ ಹುಡುಕಿ ಕೊಲ್ಲುವ ಜಂತುಹುಳಗಳ ಮೇಲೆ. ಬೆಳೆಗಾರರ ಬಾಯಲ್ಲಿ ಇದು ‘ಇಪಿಎನ್’. ಆದರೆ ಅಂಗಡಿಯಿಂದ ತಂದು, ಉಳಿದ ಔಷಧಿಗಳ ಹಾಗೆಯೇ ಬುಡಕ್ಕೆ ಸುರಿದು, ಏನೂ ಆಗಲಿಲ್ಲವೆಂದು ಕೈಬಿಟ್ಟವರೂ ಇದ್ದಾರೆ. ಪೊಟ್ಟಣದೊಳಗೆ ಇರುವುದು ಜೀವ. ಅದನ್ನು ಸಾಯಗೊಡದೆ ಬೇರುಹುಳದ ಹತ್ತಿರ ಮುಟ್ಟಿಸುವುದೇ ಇಲ್ಲಿಯ ಕೆಲಸವೆಲ್ಲ.

ಕೊಲ್ಲುವ ಬಗೆ

ಈ ಜಂತುಹುಳದ ಉದ್ದ ಸುಮಾರು ಅರ್ಧ ಮಿಲಿಮೀಟರ್. ಮಣ್ಣಿನ ಕಣಗಳ ನಡುವಿನ ತೆಳು ನೀರಿನ ಪೊರೆಯಲ್ಲಿ ಈಜುತ್ತ ಹೋಗುತ್ತದೆ. ಕೀಟದ ಬಾಯಿ, ಗುದ ಅಥವಾ ಉಸಿರುರಂಧ್ರದ ಮೂಲಕ ಒಳಹೊಕ್ಕು ತನ್ನ ಕರುಳಿನಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಡುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಕೀಟ ಸಾಯುತ್ತದೆ. ಆಮೇಲೆ ಆ ಹೆಣವೇ ಇವುಗಳ ಊಟ, ಹೆರಿಗೆಮನೆ ಎಲ್ಲ. ಎರಡು–ಮೂರು ತಲೆಮಾರು ಅಲ್ಲೇ ಬೆಳೆದು, ಹತ್ತು–ಹದಿನೈದು ದಿನಗಳಲ್ಲಿ ಹೊಸ ಪೀಳಿಗೆ ಹೊರಬಂದು ಮುಂದಿನ ಹುಳವನ್ನು ಅರಸುತ್ತದೆ. ಒಂದು ದೊಡ್ಡ ಹುಳದಿಂದ ಲಕ್ಷಗಟ್ಟಲೆ ಬರುವುದುಂಟು.

ಜಂತುಹುಳ ಎಂದ ಕೂಡಲೇ ಮಲೆನಾಡಿನವರಿಗೆ ಕಾಳುಮೆಣಸಿನ ನೆನಪಾಗುತ್ತದೆ. ಬೇರಿಗೆ ಗಂಟು ಕಟ್ಟಿ ಬಳ್ಳಿ ಸೊರಗಿಸುವ ಜಂತುಹುಳವನ್ನು ನಾವೇ ಕಾಸು ಕೊಟ್ಟು ತೋಟಕ್ಕೆ ತರುವುದೇ ಎಂಬ ಹೆದರಿಕೆ ಸಹಜ. ಅದರ ಜಾತಿ ಬೇರೆ, ಇದರ ಜಾತಿ ಬೇರೆ. ಇಪಿಎನ್‌ಗೆ ಬೇರು ಚುಚ್ಚುವ ಸೂಜಿಬಾಯಿ ಇಲ್ಲ. ನಾವು ಮಣ್ಣಿಗೆ ಬಿಡುವ ಹಂತದಲ್ಲಂತೂ ಅದರ ಬಾಯಿಯೇ ಮುಚ್ಚಿರುತ್ತದೆ, ಕೀಟದೊಳಗೆ ಸೇರುವ ತನಕ ಅದು ಏನನ್ನೂ ತಿನ್ನುವುದಿಲ್ಲ. ಮನುಷ್ಯರಿಗೆ, ದನಕರುಗಳಿಗೆ, ಎರೆಹುಳಕ್ಕೆ ಇದರಿಂದ ಅಪಾಯವಿಲ್ಲ. ರೇಷ್ಮೆಹುಳಕ್ಕೆ ಮಾತ್ರ ಅಪಾಯವಿದೆ. ಮನೆಯಲ್ಲಿ ರೇಷ್ಮೆ ಸಾಕುವವರು ಈ ದ್ರಾವಣ ಹಿಪ್ಪುನೇರಳೆ ಸೊಪ್ಪಿಗೆ ತಾಗದಂತೆ, ಚಾಕಿಮನೆಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು.

ನಮ್ಮಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಹೆಟೆರೊರಾಬ್ಡೈಟಿಸ್ ಇಂಡಿಕಾ ನಮ್ಮ ನೆಲದ್ದೇ. 1992ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು ಭಾರತದಲ್ಲಿ ಸಿಕ್ಕ ಮಾದರಿಯಿಂದ. ಸೆಕೆ ತಡೆಯುತ್ತದೆ, ಮಣ್ಣಿನಾಳಕ್ಕೆ ಹುಡುಕಿಕೊಂಡು ಹೋಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದನ್ನು ನೀರಿನಲ್ಲಿ ಕಲಸುವ ಪುಡಿಯ ರೂಪಕ್ಕೆ ತಂದು, ತಯಾರಿಕೆಯ ಹಕ್ಕನ್ನು ಕಂಪನಿಗಳಿಗೂ ಕೊಟ್ಟಿದೆ. ಇನ್ನೊಂದು ಸ್ಟೈನರ್‌ನೆಮಾ ಕಾರ್ಪೊಕ್ಯಾಪ್ಸೆ. ಅದು ಮೇಲ್ಮಣ್ಣಿನಲ್ಲೇ ಹೊಂಚು ಹಾಕುವ ಸ್ವಭಾವದ್ದು. ಆಳದಲ್ಲಿರುವ ಬೇರುಹುಳಕ್ಕೆ ನನ್ನ ಆಯ್ಕೆ ಮೊದಲನೆಯದು.

ಬುಡ ಬಿಡಿಸಿ ನೋಡಿ

ಸೋಗೆ ಹಳದಿಯಾದದ್ದೆಲ್ಲ ಬೇರುಹುಳವಲ್ಲ. ಹಳದಿ ಎಲೆ ರೋಗವಿರಬಹುದು, ನೀರು ನಿಂತಿರಬಹುದು, ಪೋಷಕಾಂಶದ ಕೊರತೆ ಇರಬಹುದು. ಅನುಮಾನವಿರುವ ನಾಲ್ಕಾರು ಮರಗಳ ಬುಡದಲ್ಲಿ ಗುದ್ದಲಿಯಿಂದ ಮೂರು ಕಡೆ ಮಣ್ಣು ಎಬ್ಬಿಸಿ ನೋಡಿ. ಕಂದು ತಲೆ, ಮಾಸಲು ಬಿಳಿ ಮೈ, ಮುಟ್ಟಿದರೆ ಅರ್ಧಚಂದ್ರದಂತೆ ಮುದುಡಿಕೊಳ್ಳುವ ಹುಳ, ಸುತ್ತ ಕಡಿದು ತುಂಡಾದ ಬೇರು ಸಿಕ್ಕರೆ ಸಂಶಯ ಬೇಡ. ಸಿಕ್ಕ ಹುಳಗಳ ಗಾತ್ರವನ್ನೂ ಗಮನಿಸಿ. ಎಳೆಯ ಹುಳ ಇಪಿಎನ್‌ಗೆ ಬೇಗ ಬಲಿಯಾಗುತ್ತದೆ. ಬೆರಳು ಗಾತ್ರಕ್ಕೆ ಬಲಿತದ್ದು ಗಟ್ಟಿ ಜೀವ. ಅದರ ಉಸಿರುರಂಧ್ರಗಳಿಗೆ ಜರಡಿಯಂಥ ಮುಚ್ಚಳವಿದ್ದು ಜಂತುಹುಳಕ್ಕೆ ಒಳನುಗ್ಗುವುದು ಕಷ್ಟ. ಬೇರುಹುಳದ ವಿಷಯದಲ್ಲಿ ಇಪಿಎನ್ ಕೆಲವೊಮ್ಮೆ ಸೋಲಲು ಇದೂ ಒಂದು ಕಾರಣ.

ಹಾಗಾಗಿ ಕಾಲ ನೋಡಿ ಹಾಕಬೇಕು. ಮುಂಗಾರು ಹಿಡಿಯುತ್ತಿದ್ದ ಹಾಗೆ ಮುಸ್ಸಂಜೆ ಹೊತ್ತು ಬೇರುಹುಳದ ದುಂಬಿಗಳು ನೆಲದಿಂದ ಎದ್ದು ಹಾರುತ್ತವೆ, ಬಳಿಕ ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ಎಳೆಯವಾಗಿದ್ದು ಮೇಲ್ಮಣ್ಣಿನಲ್ಲಿರುವಾಗ, ಎಂದರೆ ಜುಲೈ ಕೊನೆಯಿಂದ ಆಗಸ್ಟಿನಲ್ಲಿ, ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ಮೊದಲ ಸಲ ಹಾಕಿ. ಜಡಿಮಳೆಯಲ್ಲಿ ಹಾಕಿದರೆ ಕೊಚ್ಚಿಹೋಗುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲದೆ ಜಂತುಹುಳವೂ ಬದುಕುವುದಿಲ್ಲ. ಕಾಲುವೆ ಹೂಳು ತೆಗೆದು ತೋಟ ಬಸಿಯುವಂತೆ ಮಾಡದೆ ಇಪಿಎನ್‌ಗೆ ದುಡ್ಡು ಹಾಕಬೇಡಿ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೆ ಬುಡ ಬಿಡಿಸಿ, ಜೀವಂತ ಹುಳ ಕಂಡ ಮರಗಳಿಗೆ ಎರಡನೆಯ ಸಲ.

ಎಷ್ಟು, ಎಲ್ಲಿಂದ

ಸಾಮಾನ್ಯವಾಗಿ ಹೇಳುವ ಪ್ರಮಾಣ ಹೆಕ್ಟೇರಿಗೆ 250 ಕೋಟಿ ಜಂತುಹುಳ, ಅಂದರೆ ಎಕರೆಗೆ 100 ಕೋಟಿ. ಕೇಳಲು ದೊಡ್ಡ ಸಂಖ್ಯೆ, ನೆಲದ ಮೇಲೆ ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ 25ರಷ್ಟೇ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಮರಕ್ಕೆ ಹತ್ತಿರ ಹತ್ತಿರ 18 ಲಕ್ಷ ಬೀಳುತ್ತದೆ. ಪೊಟ್ಟಣದ ಮೇಲೆ ಒಂದು ಗ್ರಾಂನಲ್ಲಿ ಎಷ್ಟಿವೆ ಎಂದು ಬರೆದಿದೆಯೋ ನೋಡಿ ಅಂಗಡಿಯಲ್ಲೇ ಲೆಕ್ಕ ಮಾಡಿ. ಗ್ರಾಂಗೆ ಒಂದು ಲಕ್ಷ ಎಂದಿದ್ದರೆ ಮರಕ್ಕೆ 18 ಗ್ರಾಂ ಬೇಕು. ಸಂಖ್ಯೆಯನ್ನೇ ಬರೆಯದ ಪೊಟ್ಟಣವನ್ನು ನಾನಾದರೆ ಕೊಳ್ಳುವುದಿಲ್ಲ.

ತಯಾರಾದ ತಾರೀಕು, ಅವಧಿ ಮುಗಿಯುವ ತಾರೀಕು ಎರಡನ್ನೂ ಓದಿ. ಅಂಗಡಿಯವರು ಅದನ್ನು ಎಲ್ಲಿ ಇಟ್ಟಿದ್ದರು ಎಂಬುದೂ ಅಷ್ಟೇ ಮುಖ್ಯ. ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದ ಪೊಟ್ಟಣದಲ್ಲಿ ಜೀವ ಉಳಿದಿರುವ ಆಸೆ ಬೇಡ. ತರುವಾಗ ಕಾರಿನ ಗಾಜಿನ ಹತ್ತಿರ, ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಇಡಬೇಡಿ. ಮನೆಯಲ್ಲಿ ತಂಪಾದ ನೆರಳಿನಲ್ಲಿಡಿ. ಸ್ಪಂಜು ಅಥವಾ ಜೆಲ್‌ನಲ್ಲಿ ಬರುವುದನ್ನು ಫ್ರಿಜ್‌ನ ಕೆಳತಟ್ಟಿನಲ್ಲಿಡಲು ಸೂಚಿಸಿರಬಹುದು. ಫ್ರೀಜರಿಗಂತೂ ಯಾವುದನ್ನೂ ಸೇರಿಸಬಾರದು. ಬೇಕಾದ ವಾರಕ್ಕೆ ಬೇಕಾದಷ್ಟನ್ನೇ ತರುವುದು ಒಳ್ಳೆಯದು.

ತಟ್ಟೆಯ ಪರೀಕ್ಷೆ

ಹಾಕುವ ದಿನ ಮಧ್ಯಾಹ್ನ ಈ ಕೆಲಸ ತಪ್ಪಿಸಬೇಡಿ. ಕಪ್ಪು ತಟ್ಟೆ ಅಥವಾ ಕಪ್ಪು ಕಾಗದದ ಮೇಲಿಟ್ಟ ಗಾಜಿನ ಬಟ್ಟಲಿನಲ್ಲಿ ಬಾವಿ ನೀರು ಹಾಕಿ, ಒಂದು ಚಿಟಿಕೆ ಪುಡಿ ಬೆರೆಸಿ. ಅರ್ಧ ಗಂಟೆ ಬಿಟ್ಟು ಒಳ್ಳೆಯ ಭೂತಗನ್ನಡಿಯಲ್ಲಿ ನೋಡಿ. ದಾರದ ಚೂರುಗಳಂಥವು ಬಳುಕುತ್ತ, ಹಾವಿನಂತೆ ಹೊರಳುತ್ತಿದ್ದರೆ ಜೀವವಿದೆ. ನೆಟ್ಟಗೆ ಸೂಜಿಯಂತೆ ಬಿದ್ದಿದ್ದರೆ ಸತ್ತಿವೆ. ಕಾರ್ಪೊಕ್ಯಾಪ್ಸೆ ಮಾತ್ರ ಸುಮ್ಮನಿದ್ದಾಗಲೂ ನೆಟ್ಟಗೇ ಇರುತ್ತದೆ. ಬಟ್ಟಲನ್ನು ಮೆಲ್ಲಗೆ ತಟ್ಟಿ, ಕಡ್ಡಿಯಿಂದ ಕದಡಿ, ಮತ್ತೆ ನೋಡಬೇಕು. ಹೆಚ್ಚಿನವು ಅಲುಗಾಡದಿದ್ದರೆ ಪೊಟ್ಟಣವನ್ನು ಬಿಲ್ಲಿನ ಸಮೇತ ವಾಪಸ್ ಕೊಡಿ.

ಹಾಕುವುದು

ಡ್ರಮ್ಮಿನ ವಿಷಯ ಮೊದಲು. ನಮ್ಮಲ್ಲಿ ಜೂನ್–ಜುಲೈ ಎಂದರೆ ಬೋರ್ಡೋ ಹೊಡೆಯುವ ಕಾಲ, ಮನೆಯ ಡ್ರಮ್ಮುಗಳಿಗೆಲ್ಲ ಮೈಲುತುತ್ತ, ಸುಣ್ಣ ಅಂಟಿರುತ್ತದೆ. ಇಪಿಎನ್‌ಗೆ ಬೇರೆಯೇ ಡ್ರಮ್ಮು ಇಡಿ. ಕೀಟನಾಶಕ ಬೆರೆಸಿದ ಪಂಪನ್ನೂ ಬಳಸಬೇಡಿ. ನೀರು ಬಾವಿಯದೋ ಕೆರೆಯದೋ ಇರಲಿ, ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಬಿಸಿಲಿಗೆ ಕಾದ ಪೈಪಿನ ನೀರನ್ನು ಮೊದಲು ಹರಿಸಿಬಿಟ್ಟು ತಂಪು ನೀರು ಹಿಡಿಯಿರಿ.

ಸಂಜೆ ನಾಲ್ಕೂವರೆಯ ಮೇಲೆ ಶುರು ಮಾಡಿ. ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಇವು ನಿಮಿಷಗಳಲ್ಲಿ ನಿಸ್ತೇಜವಾಗುತ್ತವೆ. ಬುಡದ ಮುಚ್ಚಿಗೆಯ ದರಕು, ಸೋಗೆ ಸರಿಸಿ, ಮೇಲಿನ ಎರಡು–ಮೂರು ಇಂಚು ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಸಡಿಲಿಸಿ. ಮಣ್ಣು ಒಣಗಿದ್ದರೆ ಮೊದಲೇ ತೋಯಿಸಿ. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಡ್ರಮ್ಮಿಗೆ ಸುರಿಯಿರಿ. ಮರಕ್ಕೆ ಎರಡು ಲೀಟರ್ ದ್ರಾವಣ ಸಿಗುವಂತೆ ನೀರು ಬೆರೆಸಿದರೆ ಸಾಕು. ಇವು ತಳಕ್ಕೆ ಇಳಿಯುವ ಜೀವಿಗಳು. ಒಬ್ಬರು ಕೋಲು ಹಿಡಿದು ಡ್ರಮ್ಮು ಕಲಕುತ್ತಲೇ ಇರಬೇಕು. ಇಲ್ಲವಾದರೆ ಮೊದಲ ಮರಗಳಿಗೆ ಬರೀ ನೀರು, ಕೊನೆಯ ಮರಕ್ಕೆ ಜಂತುಹುಳವೆಲ್ಲ. ಮಗ್ಗಿನಲ್ಲಿ ಹೊಯ್ಯುವುದು ಸುಲಭ. ಪಂಪಿನಲ್ಲಿ ಹಾಕುವವರು ಒಳಗಿನ ಸಣ್ಣ ಜಾಳಿಗೆಗಳನ್ನು ತೆಗೆಯಬೇಕು. ಕಲಸಿದ್ದನ್ನು ಆ ಸಂಜೆಯೇ ಮುಗಿಸಿ, ಮಾರನೆಯ ದಿನಕ್ಕೆ ಉಳಿಸಬೇಡಿ. ಹೊಯ್ದ ಕೂಡಲೇ ಮತ್ತೊಂದಿಷ್ಟು ನೀರು ಕೊಟ್ಟು ಒಳಗಿಳಿಸಿ, ಮುಚ್ಚಿಗೆ ಮತ್ತೆ ಹಾಸಿ. ಮುಂದಿನ ಎರಡು ವಾರ ಬುಡ ಒಣಗಬಾರದು. ಅಷ್ಟು ದಿನ ಸುಣ್ಣ, ರಾಸಾಯನಿಕ ಗೊಬ್ಬರ, ಹರಳು ವಿಷ ಯಾವುದೂ ಆ ಬುಡಕ್ಕೆ ಬೇಡ.

ವಾರ ಕಳೆದ ಮೇಲೆ

ಮರ ಹಸಿರಾಯಿತೇ ಎಂದು ತಲೆಯೆತ್ತಿ ನೋಡಿ ಪ್ರಯೋಜನವಿಲ್ಲ. ಹೊಸ ಬೇರು ಬಿಟ್ಟು ಸೋಗೆಗೆ ಬಣ್ಣ ಬರಲು ತಿಂಗಳುಗಳು ಬೇಕು. ನೋಡಬೇಕಾದ್ದು ಮಣ್ಣನ್ನು. ಏಳೆಂಟು ದಿನ ಕಳೆದು ಬುಡ ಕೆದಕಿದರೆ ಇಂಡಿಕಾದಿಂದ ಸತ್ತ ಹುಳ ಇಟ್ಟಿಗೆಯ ಕೆಂಪಿಗೆ ತಿರುಗಿರುತ್ತದೆ, ಮೈ ಮೆತ್ತಗಿದ್ದರೂ ಕೊಳೆತ ನಾತವಿರುವುದಿಲ್ಲ. ಸ್ಟೈನರ್‌ನೆಮಾದಿಂದ ಸತ್ತದ್ದು ಕಂದು ಬಣ್ಣಕ್ಕಿರುತ್ತದೆ. ಇನ್ನೂ ಖಾತ್ರಿ ಬೇಕಾದರೆ, ಒಂದು ತಟ್ಟೆಯಲ್ಲಿ ತೆಳುವಾಗಿ ನೀರು ಹಾಕಿ, ನಡುವೆ ಚಿಕ್ಕ ಮುಚ್ಚಳ ಬೋರಲು ಹಾಕಿ, ಅದರ ಮೇಲೆ ಅಂಚು ನೀರಿಗೆ ತಾಗುವಂತೆ ಒದ್ದೆ ಕಾಗದ ಹಾಸಿ, ಕೆಂಪಾದ ಹುಳವನ್ನು ಮಲಗಿಸಿ, ಮೇಲೊಂದು ಬಟ್ಟಲು ಮುಚ್ಚಿಡಿ. ಒಂದೆರಡು ವಾರಗಳೊಳಗೆ ತಟ್ಟೆಯ ನೀರು ಹಾಲು ಬೆರೆಸಿದಂತೆ ಮಸುಕಾಗುತ್ತದೆ. ಭೂತಗನ್ನಡಿ ಹಿಡಿದರೆ ಅದೆಲ್ಲವೂ ಈಜುವ ಮರಿಗಳು! ಆ ನೀರನ್ನು ಚೆಲ್ಲದೆ ಇನ್ನೊಂದು ಮರದ ಬುಡಕ್ಕೆ ಹೊಯ್ಯಿರಿ. ಜೇನು ಸಾಕುವವರ ಹಳೆ ಎರಿಗಳಲ್ಲಿ ಸಿಗುವ ಮೇಣದ ಹುಳದಲ್ಲಿ ಇವನ್ನು ಬೆಳೆಸಲೂ ಬರುತ್ತದೆ, ಪ್ರಯೋಗಾಲಯಗಳು ಮಾಡುವುದೂ ಅದನ್ನೇ. ಮನೆಯಲ್ಲಿ ಸಲಸಲಕ್ಕೂ ಅದೇ ತಳಿ ಬೆಳೆಸುತ್ತ ಹೋದರೆ ಕಸುವು ಕುಗ್ಗುತ್ತದೆ. ಆಗಾಗ ಹೊಸ ಮೂಲ ತರಬೇಕಾಗುತ್ತದೆ.

ಕೆಂಪು ಹೆಣವೂ ಇಲ್ಲ, ಜೀವಂತ ಹುಳವೇ ಸಿಗುತ್ತಿದೆ ಎಂದಾದರೆ ತೇವ, ತಾರೀಕು, ಹುಳದ ವಯಸ್ಸು ಈ ಮೂರರಲ್ಲಿ ಯಾವುದೋ ತಪ್ಪಿದೆ ಎಂದು ಹುಡುಕಿ.

ಇಪಿಎನ್ ಒಂದರಿಂದಲೇ ಬೇರುಹುಳ ಮುಗಿಯುತ್ತದೆ ಎಂದು ಹೇಳಲಾರೆ. ಮೊದಲ ಮಳೆಗೆ ಸಂಜೆ ಹೊತ್ತು ದುಂಬಿ ಹಿಡಿದು ಸೀಮೆಎಣ್ಣೆ ನೀರಿಗೆ ಹಾಕಬೇಕು, ಬುಡ ಬಿಡಿಸುವಾಗ ಸಿಕ್ಕ ಹುಳ ಆರಿಸಬೇಕು, ಬೇವಿನ ಹಿಂಡಿ ಕೊಡಬೇಕು. ಇವನ್ನು ಎರಡು–ಮೂರು ವರ್ಷ ಬಿಡದೆ ಮಾಡಿದರೆ ಮರ ಚೇತರಿಸುತ್ತದೆ.

ದುಂಬಿಗೆ ಬೇಲಿಯಿಲ್ಲ. ಒಬ್ಬರು ಹಾಕಿ ಪಕ್ಕದವರು ಬಿಟ್ಟರೆ ಮುಂದಿನ ಮುಂಗಾರಿಗೆ ಅಲ್ಲಿಂದ ಹಾರಿ ಬರುತ್ತದೆ. ಹಾಗಾಗಿ ಒಂದು ಕಣಿವೆಯ ತೋಟದವರೆಲ್ಲ ಸೊಸೈಟಿಯ ಮೂಲಕ ಒಟ್ಟಾಗಿ ತರಿಸಿಕೊಂಡು, ಒಂದೇ ವಾರದಲ್ಲಿ ಹಾಕಿಕೊಳ್ಳಿ. ತಾಜಾ ಸರಕು ತಯಾರಾಗಲು ವಾರಗಳು ಹಿಡಿಯುತ್ತವೆ. ಆಗಸ್ಟಿಗೆ ಬೇಕಾದದ್ದನ್ನು ಮೇ ತಿಂಗಳಲ್ಲೇ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಹೆಸರು ಬರೆಸಿಡಿ.