ನೀರು ಸೋಸಿ ಕುಡಿ, ಹಿಟ್ಟು ಜರಡಿ ಹಿಡೀಬೇಡ

ತಮ್ಮಾ, ಮೆಗ್ನೀಸಿಯಂ ಕಮ್ಮಿಯಾದ್ರೆ ರಕ್ತನಾಳ ಕೆಡುತ್ತಂತೆ, ಮಾತ್ರೆ ಶುರು ಮಾಡ್ಲಾ ಅಂತ ಕೇಳಿದೆಯಲ್ಲ. ಮೊದಲ ಮಾತು ನಿಜ ಕಣಪ್ಪ. ಎರಡನೆಯದಕ್ಕೆ ಆತುರ ಬೇಡ.

ತಿಂದ ಅನ್ನ ಜೀವಕೋಶದೊಳಗೆ ಶಕ್ತಿಯಾಗುವಾಗ ಫ್ರೀ ರ್‍ಯಾಡಿಕಲ್ ಅನ್ನೋ ಪುಂಡ ಕಣಗಳೂ ಹುಟ್ಟುತ್ತವೆ. ಅವನ್ನು ಅಡಗಿಸೋ ಗ್ಲುಟಾಥಯೋನನ್ನು ದೇಹ ತಯಾರಿಸಲು ಮೆಗ್ನೀಸಿಯಂ ಬೇಕು. ಅದು ಸಾಲದಿದ್ದರೆ ಪುಂಡರದೇ ಮೇಲುಗೈ. ಡಾಕ್ಟರು ಆಕ್ಸಿಡೇಟಿವ್ ಸ್ಟ್ರೆಸ್ ಅನ್ನೋದು ಇದಕ್ಕೇ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಸಡಿಲವಾಗಿಡುತ್ತದೆ. ಈ ಕಣಗಳು ಅದನ್ನೇ ಹಾಳುಮಾಡುತ್ತವೆ. ನಾಳ ಬಿಗಿಮಾಡೋ ಕ್ಯಾಲ್ಸಿಯಮ್ಮಿಗೆ ಕಡಿವಾಣ ಹಾಕೋದೂ ಮೆಗ್ನೀಸಿಯಮ್ಮೇ. ಅದು ಕಮ್ಮಿಯಾದಾಗ ಬಿ.ಪಿ. ಏರೋಕೆ ಇದೂ ಒಂದು ದಾರಿ.

ಇನ್ನು ನಮ್ಮೂರ ಕಡೆಯ ವಿಷಯ. ಶಿರಾ, ಪಾವಗಡ ಸೀಮೆಯಲ್ಲಿ ಬೋರ್‌ವೆಲ್ ಆಳಕ್ಕೆ ಹೋದಂಗೆಲ್ಲ ಫ್ಲೋರೈಡ್ ಕಾಟ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಎರಡಕ್ಕೂ ಕೇಡು. ಅದಕ್ಕೇ ಈಗ ಆರ್.ಒ. ಘಟಕದ ಕ್ಯಾನ್ ನೀರು. ಅದನ್ನೇ ಕುಡಿ. ಆದರೆ ಆ ಯಂತ್ರ ಫ್ಲೋರೈಡ್ ಒಂದನ್ನೇ ಹಿಡಿಯೋದಿಲ್ಲ. ನೀರಿನ ಗಡಸುತನ ಅಂದ್ರೇನೇ ಕ್ಯಾಲ್ಸಿಯಂ, ಮೆಗ್ನೀಸಿಯಂ. ಬಹುಪಾಲು ಅವೂ ಹೋಗುತ್ತವೆ. ಅದೇ ಹೊತ್ತಿಗೆ ತಟ್ಟೆಯಿಂದ ಮುದ್ದೆಯನ್ನೂ ಇಳಿಸಿದ್ದೀವಿ. ನನ್ನ ತಕರಾರು ಇರೋದು ಇಲ್ಲೇ.

ಲೆಕ್ಕ ನೋಡು. 2020ರ ಐಸಿಎಂಆರ್ ಶಿಫಾರಸಿನ ಪ್ರಕಾರ ಗಂಡಸಿಗೆ ದಿನಕ್ಕೆ 440 ಮಿಲಿಗ್ರಾಂ, ಹೆಂಗಸಿಗೆ 370 ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 145 ಇದೆ. ಪಾಲಿಶ್ ಅಕ್ಕಿಯಲ್ಲಿ 20ರ ಆಸುಪಾಸು. ಪಟ್ಟನಾಯಕನಹಳ್ಳಿ ಸುತ್ತ ಬೆಳೆಯೋ ಕಡ್ಲೆಬೀಜದಲ್ಲಿ 200ರ ಹತ್ತಿರ. ಮಿಲ್ಲಿಂದ ಬಂದ ರಾಗಿಹಿಟ್ಟನ್ನು ನಯ ಬರಲಿ ಅಂತ ಜರಡಿ ಹಿಡಿದು ಹೊಟ್ಟು ಬಿಸಾಡಬೇಡಿ. ಹುರುಳಿಕಾಳು ಮೊಳಕೆ ಕಟ್ಟಿ ಸಾರು ಮಾಡಿದರೆ ಅದರ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ಸೊಪ್ಪಿನ ಹಸಿರಿನ ನಡುವೆ ಕೂತಿರೋದೇ ಮೆಗ್ನೀಸಿಯಂ. ಬೇಯಿಸಿದಾಗ ಒಂದಿಷ್ಟು ನೀರಿಗಿಳಿಯುತ್ತದೆ. ಬಸ್ಸಾರು ಮಾಡೋರು ಆ ಕಟ್ಟನ್ನು ಚೆಲ್ಲೋದಿಲ್ಲ. ಬೆಂಗಳೂರಲ್ಲಿ ನಿಮ್ಮನೇಲಿ ಸಿಂಕಿಗೆ ಸುರೀತಾರೆ, ನೋಡಿದ್ದೀನಿ.

ಮಾತ್ರೆ ವಿಚಾರ. 2016ರಲ್ಲಿ 34 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೆಗ್ನೀಸಿಯಂ ಮಾತ್ರೆಯಿಂದ ಮೇಲಿನ ಬಿ.ಪಿ. ಸರಾಸರಿ ಇಳಿದಿದ್ದು ಬರೀ 2 ಪಾಯಿಂಟ್. ಅದನ್ನು ನಂಬ್ಕೊಂಡು ಬಿ.ಪಿ. ಮಾತ್ರೆ ಬಿಟ್ಟೀಯ, ಜೋಕೆ. ರಕ್ತಪರೀಕ್ಷೆಯೂ ಪೂರ್ತಿ ಕಥೆ ಹೇಳೋದಿಲ್ಲ, ಯಾಕಂದ್ರೆ ಮೈಯ ಮೆಗ್ನೀಸಿಯಮ್ಮಿನಲ್ಲಿ ರಕ್ತದಲ್ಲಿರೋದು ನೂರರಲ್ಲಿ ಒಂದು ಪಾಲೂ ಇಲ್ಲ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕುಡಿತ, ವರ್ಷಗಟ್ಟಲೆ ನುಂಗೋ ಗ್ಯಾಸ್ ಮಾತ್ರೆ, ಮೂತ್ರ ಹೋಗಿಸೋ ಬಿ.ಪಿ. ಮಾತ್ರೆ: ಇವು ಮೆಗ್ನೀಸಿಯಂ ಕಳೆಯುತ್ತವೆ. ನಿನ್ನ ಗ್ಯಾಸ್ ಮಾತ್ರೆ ಎಷ್ಟು ವರ್ಷದ್ದು ಅಂತ ಡಾಕ್ಟರಿಗೆ ಹೇಳು. ಮೂತ್ರಪಿಂಡ ಸೋತವರಿಗೆ ಮೆಗ್ನೀಸಿಯಂ ಹೆಚ್ಚಾದ್ರೂ ಅಪಾಯ. ಮೂತ್ರಪಿಂಡದ ಸ್ಥಿತಿ ಹೇಳೋ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದೆ ಆ ಮಾತ್ರೆ ಡಬ್ಬಿ ಒಡೀಬೇಡ ಕಣಪ್ಪ.