ದಿಲ್ಲಿ ಶಾಲೆಗೆ ಟೀಚರಾಗಿ ಹೊರಟ ಮಗಳಿಗೆ

ದಿಲ್ಲಿಯ ಕಾರ್ಪೊರೇಷನ್ ಶಾಲೆಯಲ್ಲಿ ನಿನಗೆ ಕೆಲಸ ಸಿಕ್ಕಿತು ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ಬಹಳ ಸಂತೋಷ ಮಗಳೇ. ಪಾಠ ಹೇಗೆ ಮಾಡಬೇಕು ಅಂತ ನಾನು ಹೇಳಬೇಕಾಗಿಲ್ಲ, ಅದನ್ನು ನೀನು ಚೆನ್ನಾಗಿ ಕಲಿತಿದ್ದೀಯ. ಆದರೆ ಅಡ್ಮಿಷನ್ ಮೇಜಿನ ಹಿಂದೆ ಕೂತಾಗ, ಗೇಟಿನ ಹತ್ತಿರ ಪೊಲೀಸರು ಬಂದು ಒಂದು ಮಗುವಿನ ಹೆಸರು ಹೇಳಿದಾಗ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಯಾವ ಟೀಚರ್ ಟ್ರೈನಿಂಗಿನಲ್ಲೂ ಹೇಳಿಕೊಡುವುದಿಲ್ಲ. ಈ ದಿಲ್ಲಿಯಲ್ಲಿ ಮೇಷ್ಟರಾಗಿಯೇ ತಲೆ ನರೆತವನು ನಾನು. ಅದಷ್ಟನ್ನು ಹೇಳುತ್ತೇನೆ, ಕೇಳು.

2024ರ ಡಿಸೆಂಬರಿನಲ್ಲಿ ದಿಲ್ಲಿ ಮಹಾನಗರ ಪಾಲಿಕೆ ಒಂದು ಆದೇಶ ಹೊರಡಿಸಿತು. ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ಬಾಂಗ್ಲಾದೇಶದ ಅಕ್ರಮ ವಲಸಿಗರನ್ನು ಗುರುತಿಸಬೇಕು ಅಂತ. ಅದೇ ತಿಂಗಳು ದಿಲ್ಲಿ ಸರ್ಕಾರದ ಶಿಕ್ಷಣ ನಿರ್ದೇಶನಾಲಯವೂ ಸುತ್ತೋಲೆ ಕಳಿಸಿತು. ಮಗುವಿನ ಪೌರತ್ವದ ಬಗ್ಗೆ ಅನುಮಾನ ಬಂದರೆ ಪೊಲೀಸರಿಗೆ ತಿಳಿಸಿ ಅಂತ ಅದರಲ್ಲಿತ್ತು. ಅನುಮಾನ ಪಡಬೇಕಾದವರು ಯಾರು? ನೀನು. ಯಾವುದರ ಮೇಲೆ? ಮಗುವಿನ ಹೆಸರಿನ ಮೇಲೆ, ಅದರ ತಾಯಿಯ ಮಾತಿನ ಮೇಲೆ. ಗಡಿಯ ಈಚಿನ ಕೂಚ್‌ಬಿಹಾರದ ಹೆಂಗಸಿನ ಬಂಗಾಳಿಗೂ ಗಡಿಯ ಆಚೆ ರಂಗ್‌ಪುರದವಳ ಬಂಗಾಳಿಗೂ ಇರುವ ವ್ಯತ್ಯಾಸ ದಿಲ್ಲಿಯಲ್ಲಿ ಯಾವ ಮೇಷ್ಟರ ಕಿವಿಗೆ ಗೊತ್ತಾಗುತ್ತದೆ ಹೇಳು. ಹಾಗೆ ಗೊತ್ತಾಗುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡ.

ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. 2025ರ ಜೂನಿನಲ್ಲಿ ದಿಲ್ಲಿಯ ರೋಹಿಣಿಯಲ್ಲಿ ವಾಸವಿದ್ದ, ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿಯನ್ನು, ಅವಳ ಎಂಟು ವರ್ಷದ ಮಗನ ಸಮೇತ, ಬಾಂಗ್ಲಾದೇಶಕ್ಕೆ ದಾಟಿಸಿಬಿಟ್ಟರು. ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಹೈಕೋರ್ಟ್ ಅವರನ್ನು ವಾಪಸು ಕರೆತರಬೇಕು ಅಂತ ಆದೇಶ ಮಾಡಿತು. ಆ ತಾಯಿ ಮಗು ಮರಳಿ ಬಂದದ್ದು ಡಿಸೆಂಬರಿನಲ್ಲಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದಮೇಲೆ. ಎರಡನೆಯದೋ ಮೂರನೆಯದೋ ತರಗತಿಯಲ್ಲಿ ಕೂರಬೇಕಾದ ವಯಸ್ಸು ಆ ಹುಡುಗನದು. ಅದೇ ವರ್ಷದ ಜುಲೈನಲ್ಲಿ ಗುರುಗ್ರಾಮದಲ್ಲಿ ಬಂಗಾಳಿ ಮಾತಾಡುವ ಕೂಲಿಕಾರರನ್ನು ಹಿಡಿದು ಸಮುದಾಯ ಭವನಗಳಲ್ಲಿ ಕೂರಿಸಿದರು. ಹೆದರಿಕೊಂಡು ಎಷ್ಟೋ ಸಂಸಾರಗಳು ಮೂಟೆ ಕಟ್ಟಿ ಊರಿನ ರೈಲು ಹತ್ತಿದವು.

ಇದು ಉತ್ತರದವರ ಗೋಳು ಅಂದುಕೊಳ್ಳಬೇಡ. ನಮ್ಮ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ ಬಾಂಗ್ಲಾದೇಶಿಗಳ ಜೋಪಡಿ ಅಂತ ಕೆಡವಿದರಲ್ಲ, ಅಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆಗೆ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರೂ ಇದ್ದರು. ಕನ್ನಡದವರೇ! ಹಾಗೆ ಕೆಡವಿದ್ದಕ್ಕೆ ಕಾನೂನಿನ ಆಧಾರವಿಲ್ಲ ಅಂತ ನಮ್ಮ ಹೈಕೋರ್ಟ್ ಹೇಳಿತು. ಹೇಳುವ ಹೊತ್ತಿಗೆ ಮನೆಗಳು ನೆಲಸಮವಾಗಿದ್ದವು.

ಈಗ ಅಡ್ಮಿಷನ್ ಮೇಜಿಗೆ ಬಾ. ತಾಯಿಯೊಬ್ಬಳು ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ತೆಗೆದು ನಿನ್ನ ಮುಂದೆ ಇಡುತ್ತಾಳೆ. ಲಸಿಕೆಯ ಕಾರ್ಡಿನ ಮಡಿಕೆ ಹರಿದಿರುತ್ತದೆ, ಆಧಾರಿನ ಜೆರಾಕ್ಸ್ ಮಸುಕಾಗಿರುತ್ತದೆ, ಎರಡರಲ್ಲಿ ಹುಡುಗಿಯ ಹೆಸರಿನ ಸ್ಪೆಲಿಂಗ್ ಬೇರೆ ಬೇರೆ. ಜನನ ಪತ್ರ ಇರುವುದಿಲ್ಲ. ನಾಳೆ ತಾ, ನಾಡಿದ್ದು ತಾ ಅಂತ ಕಳಿಸಿದರೆ ಅವಳ ಒಂದು ದಿನದ ಕೂಲಿ ಹೋಯಿತು, ಮೂರನೆಯ ಸಲ ಅವಳು ಬರುವುದೇ ಇಲ್ಲ. ಯಾರೂ ಆ ಮಗುವಿಗೆ ಇಲ್ಲ ಅನ್ನಲಿಲ್ಲ, ಆದರೂ ಮಗು ಶಾಲೆಗೆ ಸೇರಲಿಲ್ಲ. ನಾನು ಈ ಊರಲ್ಲಿ ಹೆಚ್ಚಾಗಿ ಕಂಡಿರುವ ಅನ್ಯಾಯ ಇದೇ ಮಗಳೇ. ಇದು ಯಾವ ದಾಖಲೆಗೂ ಸಿಗುವುದಿಲ್ಲ.

ಆದ್ದರಿಂದ ಕಾನೂನನ್ನು ಬಾಯಿಪಾಠ ಮಾಡಿಕೋ. 2009ರ ಶಿಕ್ಷಣ ಹಕ್ಕು ಕಾಯಿದೆಯ 14ನೇ ಕಲಮು, ವಯಸ್ಸಿನ ಪುರಾವೆ ಇಲ್ಲ ಅಂತ ಯಾವ ಮಗುವಿಗೂ ಪ್ರವೇಶ ನಿರಾಕರಿಸಕೂಡದು ಅನ್ನುತ್ತದೆ. ಆಸ್ಪತ್ರೆಯ ದಾಖಲೆ, ಅಂಗನವಾಡಿಯ ದಾಖಲೆ, ಅದೂ ಇಲ್ಲದಿದ್ದರೆ ತಂದೆತಾಯಿಯ ಲಿಖಿತ ಹೇಳಿಕೆ ಸಾಕು. ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ಎಲ್ಲ ಮಕ್ಕಳು ಅನ್ನುತ್ತದೆಯೇ ಹೊರತು ನಾಗರಿಕರ ಮಕ್ಕಳು ಅನ್ನುವುದಿಲ್ಲ. ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲೇ ಹೇಳಿದೆ. ಇನ್ನು ಅದೇ ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು. ಪೌರತ್ವ ಪರೀಕ್ಷೆ ಆ ಮೂರರಲ್ಲಿ ಇಲ್ಲ.

ದಿಲ್ಲಿಯ ಖಜೂರಿಯ ರೋಹಿಂಗ್ಯಾ ಮಕ್ಕಳ ವಿಷಯವೂ ನಿನಗೆ ಗೊತ್ತಿರಲಿ. ಆಧಾರ್ ಇಲ್ಲ, ಕೈಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡು ಮಾತ್ರ ಅಂತ ಅವರಿಗೆ ಸೀಟು ಸಿಗಲಿಲ್ಲ. 2024ರ ಅಕ್ಟೋಬರಿನಲ್ಲಿ ದಿಲ್ಲಿ ಹೈಕೋರ್ಟ್ ಕೈ ಹಾಕಲು ಒಪ್ಪದೆ ಗೃಹ ಸಚಿವಾಲಯದ ಕಡೆಗೆ ಬೆರಳು ತೋರಿಸಿತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೂರ್ಯಕಾಂತ್ ಅವರ ಪೀಠ, ಶಿಕ್ಷಣದಲ್ಲಿ ಯಾವ ಮಗುವಿಗೂ ತಾರತಮ್ಯ ಮಾಡುವಂತಿಲ್ಲ ಅಂದಿತು. ಮಕ್ಕಳು ಮೊದಲು ಸರ್ಕಾರಿ ಶಾಲೆಗೆ ಹೋಗಿ ಕೇಳಲಿ, ಇಲ್ಲ ಅಂದರೆ ಹೈಕೋರ್ಟಿಗೆ ಬರಲಿ ಅಂತ ದಾರಿ ತೋರಿಸಿತು. ಹಾಗಾಗಿ ಅಂಥ ತಾಯಿ ನಿನ್ನ ಮುಂದೆ ನಿಂತು ಅರ್ಜಿ ಕೊಟ್ಟರೆ ತೆಗೆದುಕೋ. ತೆಗೆದುಕೊಂಡ ಮೇಲೆ ಸಹಿ, ಸೀಲು, ತಾರೀಕು ಹಾಕಿದ ಸ್ವೀಕೃತಿ ಕೊಡು. ಆ ಚೀಟಿ ಇದ್ದರೆ ಅವಳು ಮುಂದೆ ಕೋರ್ಟಿಗೆ ಹೋಗಬಹುದು, ಇಲ್ಲದಿದ್ದರೆ ಅವಳು ಬಂದಿದ್ದಳು ಅನ್ನುವುದಕ್ಕೇ ಸಾಕ್ಷಿ ಇಲ್ಲ.

ಒಂದನ್ನು ಮುಚ್ಚಿಡದೆ ಹೇಳಬೇಕು. 2025ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಹೊಸ ಕಾಯಿದೆ, ವಿದೇಶಿಯರನ್ನು ಸೇರಿಸಿಕೊಂಡ ಶಿಕ್ಷಣ ಸಂಸ್ಥೆ ಅಧಿಕಾರಿಗಳಿಗೆ ಮಾಹಿತಿ ಕೊಡಬೇಕು ಅನ್ನುತ್ತದೆ. ಸುಳ್ಳು ಬರೆಯಬೇಡ, ದಾಖಲೆ ತಿದ್ದಬೇಡ. ಆ ಮಾಹಿತಿ ಕೊಡುವುದು ಸಂಸ್ಥೆಯ ಜವಾಬ್ದಾರಿ, ನಿನ್ನೊಬ್ಬಳದಲ್ಲ. ಬಂಗಾಳಿ ಮಾತಾಡುವ ಮಕ್ಕಳ ಪಟ್ಟಿ ಮಾಡಿಕೊಡು ಅಂತ ಯಾರಾದರೂ ಬಾಯಿಮಾತಲ್ಲಿ ಕೇಳಿದರೆ, ಲಿಖಿತ ಆದೇಶ ಕೊಡಿ ಸಾರ್ ಅಂತ ವಿನಯವಾಗಿ ಹೇಳು. ಬಹಳ ಜನ ಅಷ್ಟಕ್ಕೇ ಹಿಂದೆ ಸರಿಯುತ್ತಾರೆ.

ಗೇಟಿಗೆ ಪೊಲೀಸರು ಬಂದರೆ ನೀನೊಬ್ಬಳೇ ಮಾತಾಡಲು ಹೋಗಬೇಡ. ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋಗು, ಅವರ ಹೆಸರು, ಠಾಣೆ, ಬಂದ ಕಾರಣ ವಿಸಿಟರ್ಸ್ ಬುಕ್ಕಿನಲ್ಲಿ ಬರೆಸು. ತರಗತಿಯಿಂದ ಮಗುವನ್ನು ಎಬ್ಬಿಸಿ ಕಳಿಸಬೇಡ. ಪೋಷಕರಿಗೆ ಫೋನ್ ಹೋಗಲಿ, ಅವರು ಬರುವವರೆಗೆ ಮಾತುಕತೆ ಬೇಡ. ಹದಿನೈದು ವರ್ಷದೊಳಗಿನ ಹುಡುಗನನ್ನಾಗಲಿ, ಯಾವ ಹೆಣ್ಣನ್ನಾಗಲಿ ಸಾಕ್ಷಿ ಹೇಳಲು ಠಾಣೆಗೆ ಬಾ ಅಂತ ಕರೆಯುವ ಹಾಗಿಲ್ಲ, ಮನೆಗೇ ಬಂದು ಕೇಳಬೇಕು. ಈ ನಿಯಮ ಹಳೆಯ ಕಾನೂನಿನಲ್ಲೂ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಲ್ಲೂ ಇದೆ.

ಬೀದರಿನದು ನೆನಪಿದೆಯಾ? 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯಿದೆಯ ಮೇಲೆ ಒಂದು ನಾಟಕ ಆಡಿದರು ಅಂತ ದೇಶದ್ರೋಹದ ಕೇಸು ಹಾಕಿದರು. ಹೆಡ್‌ಮಿಸ್ಟ್ರೆಸ್ ಮತ್ತು ಒಬ್ಬ ಮಗುವಿನ ತಾಯಿ ಜೈಲಿಗೆ ಹೋದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಪುಟ್ಟ ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರದಲ್ಲಿ, ಶಸ್ತ್ರ ಇಟ್ಟುಕೊಂಡು ಹಾಗೆ ವಿಚಾರಿಸಿದ್ದು ಮೇಲ್ನೋಟಕ್ಕೇ ಬಾಲನ್ಯಾಯ ನಿಯಮಗಳ ಉಲ್ಲಂಘನೆ ಅಂತ 2021ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2023ರಲ್ಲಿ ಕೇಸೂ ರದ್ದಾಯಿತು. ತಾಯಿ ಜೈಲಿಗೆ ಹೋದ ಮಗುವಿನ ಭಯ ಮಾತ್ರ ಯಾವ ತೀರ್ಪಿನಿಂದಲೂ ರದ್ದಾಗುವುದಿಲ್ಲ.

ಅಮೆರಿಕದಲ್ಲೂ ಇದೇ ಚಿಂತೆ, ಅಲ್ಲಿರುವ ನಿಮ್ಮಣ್ಣನನ್ನೇ ಕೇಳು. ಕಾಗದ ಇಲ್ಲದ ಮಕ್ಕಳಿಗೂ ಶಾಲೆ ನಿರಾಕರಿಸುವಂತಿಲ್ಲ ಅಂತ 1982ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಶಾಲೆ, ಆಸ್ಪತ್ರೆ, ಚರ್ಚುಗಳಲ್ಲಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗೆ ಇದ್ದ ಕಡಿವಾಣವನ್ನು 2025ರ ಜನವರಿಯಲ್ಲಿ ತೆಗೆದುಹಾಕಿದರು. ಅಲ್ಲಿನ ಅನೇಕ ಶಾಲೆಗಳು ಆಗ ತಮ್ಮ ಸಿಬ್ಬಂದಿಗೆ ಹೇಳಿದ್ದೂ ನಾನು ನಿನಗೆ ಹೇಳುತ್ತಿರುವುದೇ: ನ್ಯಾಯಾಧೀಶರು ಸಹಿ ಮಾಡಿದ ವಾರಂಟ್ ಕೇಳಿ, ಆಫೀಸಿನಲ್ಲಿ ಕೂರಿಸಿ, ತರಗತಿಗೆ ಬಿಡಬೇಡಿ.

ತರಗತಿಯಲ್ಲಿ ನಿನ್ನ ಬಾಯಿಯ ಮೇಲೂ ನಿಗಾ ಇರಲಿ. ನಿನ್ನ ಊರು ಯಾವುದು, ನಿಜ ಹೇಳು ಅಂತ ಎಲ್ಲರ ಮುಂದೆ ಒಂದು ಮಗುವನ್ನು ನಿಲ್ಲಿಸಿ ಕೇಳಬೇಡ. ಮಿಕ್ಕ ಮಕ್ಕಳು ಯಾರನ್ನಾದರೂ ಬಾಂಗ್ಲಾದೇಶಿ ಅಂತ ಅಣಕಿಸಿದರೆ ಅವತ್ತೇ, ಅಲ್ಲೇ ನಿಲ್ಲಿಸು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಹಿಂದಿ ಕೇಳಿ ಮದ್ರಾಸಿ ಅಂತ ಕರೆಯುತ್ತಿದ್ದರು. ನನಗೆ ಅದರಿಂದ ಕೋಪ ಬರುತ್ತಿತ್ತು, ಅಷ್ಟೆ. ಈ ಮಗುವಿಗೆ ಆ ಒಂದು ಪದದಿಂದ ಮನೆಯೇ ಹೋಗಬಹುದು.

ನಿಮ್ಮ ಶಾಲೆಯ ಆಯಾ, ಕಸ ಗುಡಿಸುವವಳು, ಬಿಸಿಯೂಟ ಬಡಿಸುವವಳು, ವ್ಯಾನ್ ಡ್ರೈವರ್, ಇವರನ್ನೂ ಮರೆಯಬೇಡ. ಗುರುಗ್ರಾಮದಲ್ಲಿ ಹಿಡಿದದ್ದು ಇಂಥವರನ್ನೇ. ಬಿಡುವಿದ್ದಾಗ ಅವರ ಜೊತೆ ಕೂತು ಮತದಾರರ ಚೀಟಿ, ಆಧಾರ್, ಊರಿನ ಜಮೀನಿನ ಪತ್ರ ಏನಿದೆಯೋ ಅದರ ಎರಡು ಜೆರಾಕ್ಸ್ ಮಾಡಿಸು. ಒಂದು ಅವರ ಹತ್ತಿರ, ಒಂದು ಶಾಲೆಯ ಬೀರುವಿನಲ್ಲಿ. ಊರಿನ ಪಂಚಾಯಿತಿಯವರ ಫೋನ್ ನಂಬರ್ ಬರೆದಿಡು. ಮಕ್ಕಳ ಸಹಾಯವಾಣಿ 1098, ದಿಲ್ಲಿಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 1516, ಇವೆರಡನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸು. ಪ್ರಿನ್ಸಿಪಾಲರು ಬೇಡ ಅಂದರೆ ನಿನ್ನ ಮೇಜಿನ ಗಾಜಿನ ಕೆಳಗಾದರೂ ಇಡು. ಅವರು ಹಾಗೆ ಯಾಕಂದರು ಅಂತ ನನಗೊಂದು ಫೋನ್ ಮಾಡು, ಯಾರಿಗೆ, ಹೇಗೆ ಅರ್ಜಿ ಬರೆಯಬೇಕು ಅಂತ ಕೂತು ಹೇಳಿಕೊಡುತ್ತೇನೆ.