ರೊಕ್ಕ ಬಿಚ್ಚುವ ಮೊದಲು ನಂಬರ್ ನೋಡ್ರಿ

ಕನ್ನೊಳ್ಳಿಯಿಂದ ಸಿಂದಗಿಗೋ ವಿಜಯಪುರಕ್ಕೋ ಹೋಗಿ ಕಂಪ್ಯೂಟರ್ ಓದುವ ಮಕ್ಕಳಿಗೆ ಈ ಕಿವಿಮಾತು. ಪಂಚಾಯ್ತಿಯ ಪಿಡಿಒ ಇ-ಸ್ವತ್ತು ಉತಾರಕ್ಕೆ ಹಾಕುವ ಡಿಜಿಟಲ್ ಸಹಿಯ ಬೇರು ಎಕ್ಸ್.509 ಎಂಬ ಸ್ಟ್ಯಾಂಡರ್ಡಿನಲ್ಲಿದೆ. 1988ರಲ್ಲಿ ಡೈರೆಕ್ಟರಿ ವ್ಯವಸ್ಥೆಗಾಗಿ ಬಂದ ಎಕ್ಸ್.500 ಮಾಲೆಯ ಕೂಸು ಅದು. ಇಂಥ ಮೂಲ ದಾಖಲೆಯನ್ನು ಊರಲ್ಲೇ ಕೂತು, ಬಹಳಮಟ್ಟಿಗೆ ಪುಕ್ಕಟೆಯಾಗಿ ಪಡೆಯಬಹುದು.

• ಹೆಸರಿನಿಂದ ಹುಡುಕಬೇಡಿ, ನಂಬರಿನಿಂದ ಹುಡುಕಿ. ಎಕ್ಸ್.400 ಮಾಲೆ ಸಂದೇಶ ಸಾಗಣೆಯದು, ಎಕ್ಸ್.500 ಡೈರೆಕ್ಟರಿಯದು. ನಾವು ದಿನಾ ಬಳಸುವ ಇಮೇಲ್ ಸಾಗುವ ಬಗೆ ಇಂಟರ್ನೆಟ್ಟಿನ ಮಾನಕ ದಾಖಲೆಯಾದ ಆರ್‌ಎಫ್‌ಸಿ 5321ರಲ್ಲಿದೆ, ಪತ್ರದ ರೂಪ 5322ರಲ್ಲಿದೆ. ಡೈರೆಕ್ಟರಿಯಲ್ಲಿ ಹುಡುಕುವ ವಿಧಾನವಾದ ಎಲ್‌ಡ್ಯಾಪ್ ಬೇಕಾದರೆ ಆರ್‌ಎಫ್‌ಸಿ 4510ರಿಂದ ಶುರುಮಾಡಿ.

• ಒಂದೇ ಸರಕು ಎರಡು ಅಂಗಡಿಯಲ್ಲಿರುತ್ತದೆ. ಎಕ್ಸ್.509ರ ಜೋಡಿ ಐಎಸ್‌ಒ/ಐಇಸಿ 9594-8, ಎಕ್ಸ್.400ರ ಜೋಡಿ ಐಎಸ್‌ಒ/ಐಇಸಿ 10021. ಐಎಸ್‌ಒ ಸ್ವಿಸ್ ಫ್ರಾಂಕಿನಲ್ಲಿ ಬೆಲೆ ಹೇಳುತ್ತದೆ. ಎಕ್ಸ್ ಮಾಲೆಗಳನ್ನು ಹೊರಡಿಸುವ ಜಿನೀವಾದ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ತನ್ನ ತಾಣದಲ್ಲೇ ಪಿಡಿಎಫ್ ಪುಕ್ಕಟೆ ಕೊಡುತ್ತದೆ.

• ಆವೃತ್ತಿಯ ವರ್ಷ ನೋಡಿ. ಐಟಿಯು ಸಾಮಾನ್ಯವಾಗಿ ನಂಬರ್ ಬದಲಿಸುವುದಿಲ್ಲ, ವರ್ಷ ಬದಲಿಸುತ್ತದೆ; ‘ಇನ್ ಫೋರ್ಸ್’ ಎಂದಿದ್ದದ್ದನ್ನೇ ಇಳಿಸಿಕೊಳ್ಳಿ, ತಿದ್ದುಪಡಿ ಇದ್ದರೆ ಅದನ್ನೂ ಬಿಡಬೇಡಿ. ಆರ್‌ಎಫ್‌ಸಿಯ ದಾರಿ ಬೇರೆ: ಅಚ್ಚಾದದ್ದು ಬದಲಾಗದು, ಹೊಸ ನಂಬರ್ ಬರುತ್ತದೆ. 1982ರ 821ರ ಜಾಗಕ್ಕೆ 2001ರಲ್ಲಿ 2821, 2008ರಲ್ಲಿ 5321 ಬಂತು.

• ಎಲ್ಲವನ್ನೂ ಓದಲು ಹೋಗಬೇಡಿ. ಡಿಜಿಟಲ್ ಸಹಿಯ ಕೆಲಸಕ್ಕೆ ಮೊದಲು ನಮ್ಮ ದೇಶದ ಸಿಸಿಎ (ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು) ಪ್ರಕಟಿಸಿದ ಮಾರ್ಗಸೂಚಿ, ಆಮೇಲೆ ಆರ್‌ಎಫ್‌ಸಿ 5280, ಕೊನೆಗೆ ಎಕ್ಸ್.509. ಸರ್ಟಿಫಿಕೇಟಿನಲ್ಲಿ ಕಾಣುವ ಸಿ, ಒ, ಸಿಎನ್ ಅಕ್ಷರಗಳ ಅರ್ಥಕ್ಕೆ ಎಕ್ಸ್.520 ತೆರೆಯಿರಿ.

• ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್ ಮರೆಯಬೇಡಿ. ಅದು ತಾನೇ ರೂಪಿಸಿದ ಭಾರತೀಯ ಮಾನಕಗಳು ಹೆಸರು ನೋಂದಾಯಿಸಿದರೆ ಪುಕ್ಕಟೆ ಸಿಗುತ್ತವೆ. ಕನ್ನಡ ಅಕ್ಷರಗಳಿಗೂ ಸಂಕೇತ ಕೊಟ್ಟ ಇಸ್ಕಿ, 1991ರ ಐಎಸ್ 13194, ನೋಡಬೇಕಾದದ್ದು.

• ಈ ಪುಕ್ಕಟೆ ಬಾಗಿಲು ತಾನಾಗಿ ತೆರೆಯಲಿಲ್ಲ. 1991ರಲ್ಲಿ ಅಮೆರಿಕದ ಕಾರ್ಲ್ ಮಾಲಮುಡ್ ಐಟಿಯು ಮಾನಕಗಳ ‘ಬ್ಲೂ ಬುಕ್’ ಸಂಪುಟಗಳನ್ನು ಇಂಟರ್ನೆಟ್ಟಿಗೆ ಏರಿಸಿದರು. ಐಟಿಯು ತಾನೇ ಎಲ್ಲರಿಗೂ ಪುಕ್ಕಟೆ ಕೊಡತೊಡಗಿದ್ದು 2007ರಲ್ಲಿ. 2013ರಲ್ಲಿ ಅದೇ ಮಾಲಮುಡ್ ಭಾರತದ ಮಾನಕಗಳನ್ನೂ ಜನರ ಮುಂದಿಟ್ಟರು.

• ಗೆಳೆಯರಿಗೆ ಫೈಲ್ ಕಳಿಸಬೇಡಿ, ತಾಣದ ಕೊಂಡಿ ಕಳಿಸಿ. ವಾಟ್ಸಾಪಿನಲ್ಲಿ ಸುತ್ತುವ ಫೈಲು ಹಳತಾಗಿರಬಹುದು, ಕರಡೂ ಆಗಿರಬಹುದು. ಮೂಲ ತಾಣಕ್ಕೆ ಹೋದವರಿಗೆ ಇವತ್ತು ಯಾವುದು ಜಾರಿಯಲ್ಲಿದೆ ಎಂಬುದೂ ತಿಳಿಯುತ್ತದೆ.